ಕೆಂಪು ಚುಕ್ಕೆಯ ಸೂಜಿ

ಡುಲೂತ್, ಮಾರ್ಚ್ ೯

ಪ್ರಿಯ ಆರಿನ್,

ಹಾರ್ಲನ್ ತೀರಿಕೊಂಡ ಮೇಲೆ ನೀನು ರಿಪೇರಿಗೆಂದು ಒಯ್ದು ತಂದುಕೊಟ್ಟ ಅವನ ರೆಕಾರ್ಡ್ ಪ್ಲೇಯರ್ 'ಸ್ಸ್' ಎನ್ನುತ್ತಲೇ ಇದೆ. ನಾನು ಫೋನ್ ಮಾಡಿದರೆ ನೀನು, "ಅದು ಸರಿಯಾಗೇ ಇದೆ ವರ್ನಾ, ನಿನ್ ಕಿವಿಗೇ ವಯಸ್ಸಾಗಿದೆ" ಅಂದೆ. ನಂಬಿ ಕಿವಿ ಡಾಕ್ಟರ ಹತ್ತಿರ ಹೋಗಿಬಂದೆ.

ಆಮೇಲೆ ನಾನೇ ಹುಡುಕಿದೆ. ಅದೇ ಆಂಪ್ಲಿಫೈಯರಿನಲ್ಲಿ ರೇಡಿಯೊ ಹಾಕಿದರೆ ಆ ಸದ್ದಿಲ್ಲ. ರೆಕಾರ್ಡಿಗೆ ಮೊದಲು ವಾಲ್ಯೂಮ್ ಮೂರು ಸಾಕಿತ್ತು, ಈಗ ಎಂಟು ಬೇಕು; ತಿರುಗಿಸಿದಷ್ಟೂ 'ಸ್ಸ್' ಏರುತ್ತದೆ. ಕೊನೆಗೆ ಭೂತಗನ್ನಡಿ ಹಿಡಿದು ಸೂಜಿಯ ತಲೆ ನೋಡಿದೆ. ಹಾರ್ಲನ್ ತನ್ನ ಸೂಜಿಗೆ ನನ್ನ ಉಗುರುಬಣ್ಣದಿಂದ ಕೆಂಪು ಚುಕ್ಕೆ ಇಟ್ಟಿದ್ದ. ಇದಕ್ಕೆ ಚುಕ್ಕೆಯಿಲ್ಲ.

ಹೋದ ಭಾನುವಾರ ನಿಮ್ಮ ಮನೆಯಲ್ಲಿ ಇಸ್ಪೀಟು ನಿಲ್ಲಿಸಿ, "ಕೇಳಿ, ಒಂಚೂರಾದ್ರೂ ಗಲೀಜು ಸದ್ದಿದ್ಯಾ?" ಎಂದು ನಿನ್ನ ಪ್ಲೇಯರ್ ಕೇಳಿಸಿದೆಯಲ್ಲ, ಅದರ ಸೂಜಿಯ ಮೇಲೆ ಏನೋ ಕೆಂಪಗೆ ಕಂಡಿತ್ತು. ಮೊದಲು ಹೊಗಳಿದವಳು ನಾನೇ.

ಈ ಭಾನುವಾರ ನಾನು ಬರುವುದಿಲ್ಲ. ಸೂಜಿಯನ್ನು ಹತ್ತಿಯಲ್ಲಿ ಸುತ್ತಿ ಅಂಚೆಗೆ ಹಾಕು, ತಂದುಕೊಡಬೇಡ. ಜೋಡಿಸುವುದನ್ನು ನಾನು ಕಲಿತಿದ್ದೇನೆ.

ಕಿವಿ ಡಾಕ್ಟರ ಚೀಟಿಯನ್ನು ಇದರೊಳಗೆ ಇಟ್ಟಿದ್ದೇನೆ. ಓದಿ ನೋಡು, ಎರಡೂ ಕಿವಿ ಚೆನ್ನಾಗಿವೆಯಂತೆ.

ಹಾರ್ಲನ್‌ನ ಹೆಂಡತಿ,
ವರ್ನಾ