ಮನೆಗೊಂದು ಹೆಗಲು

ಹುಣ್ಣಿಮೆಯ ಮಾರನೆಯ ದಿನ, ಬೆಳಗ್ಗೆ

ಪ್ರೀತಿಯ ಅಣ್ಣನಿಗೆ,

ನಿನ್ನ ತಂಗಿಯ ನಮಸ್ಕಾರ. ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಕಾಗದಗಳಿಗೆ ಉತ್ತರ ಬರೆಯಲಿಲ್ಲವೆಂದು ಮುನಿಸಿಕೊಳ್ಳಬೇಡ, ಹಬ್ಬದ ಗಡಿಬಿಡಿ. ಈಗಲೂ ಬಲಭುಜ ಊದಿಕೊಂಡಿದೆ, ಅಕ್ಷರ ಸೊಟ್ಟಗಾಗಿದ್ದರೆ ಹೊಟ್ಟೆಗೆ ಹಾಕಿಕೋ. ಭುಜ ಯಾಕೆ ಊದಿತು ಅಂತ ಕೇಳು! ನಿನ್ನೆ ದೇವಿಯ ಪಲ್ಲಕ್ಕಿಗೆ ನಮ್ಮ ಮನೆಯ ಹೆಗಲು ಕೊಟ್ಟವಳು ನಾನು!

ಹೋದ ವರ್ಷ ಹೊಳೆಗಿಳಿಯುವ ಮೆಟ್ಟಿಲಲ್ಲಿ ನೀನು ಮುಗ್ಗರಿಸಿ, ಪಲ್ಲಕ್ಕಿಯ ಮೂಲೆ ನೆಲಕ್ಕೆ ತಾಗಿ, ನೀನು ಅವತ್ತೇ ಕಣಿವೆ ಬಿಟ್ಟು ಹೋದೆ. ಈ ಸಲ ನಮ್ಮ ಜಾಗಕ್ಕೆ ಯಾರೂ ಇರಲಿಲ್ಲ. ಅಪ್ಪನ ಮಂಡಿನೋವು ನಿನಗೆ ಗೊತ್ತೇ ಇದೆ. ಹೆಗಲು ಕೊಡದ ಮನೆಯ ಜಾಗ ಅದರ ಹಿಂದೆ ಹೊರುವ ಮನೆಗೆ ಹೋಗುತ್ತದೆ, ಹಿಟ್ಟಿನ ಗಿರಣಿಯವರು ಆಗಲೇ ಮೀಸೆ ತಿರುವುತ್ತಿದ್ದರು. ಅಮ್ಮನಿಗೆ ತಡೆಯಲಾಗಲಿಲ್ಲ. ಸೀದಾ ಅರ್ಚಕರ ಮುಂದೆ ಹೋಗಿ ನಿಂತಳು.

"ನನ್ನ ಮಗಳು ದಿನಾ ಗುಡ್ಡದಿಂದ ಹುಲ್ಲಿನ ಹೊರೆ ಹೊತ್ತು ತರ್ತಾಳೆ. ಆಗ ಯಾರೂ ಹೆಣ್ಣು ಹೆಗಲು ಅನ್ನಲಿಲ್ಲ. ದೇವಿ ಅದಕ್ಕಿಂತ ಭಾರಾನಾ?"

ಅರ್ಚಕರು ತಲೆ ಕೆರೆದುಕೊಂಡರು. "ಮನೆಗೊಂದು ಹೆಗಲು ಅಂತಿದೆಯಮ್ಮ. ಗಂಡಸಿಂದೇ ಆಗ್ಬೇಕು ಅಂತ ನಮ್ಮಜ್ಜನೂ ಹೇಳಿಲ್ಲ."

ಹೊರಡುವಾಗ ಅಪ್ಪ ಹಳೆಯ ಕಂಬಳಿ ತುಂಡನ್ನು ಮಡಿಸಿ ನನ್ನ ಹೆಗಲಿಗೆ ಕಟ್ಟಿದರು, ಅಷ್ಟೆ.

ಅಣ್ಣಾ, ಏನು ಹೇಳಲಿ! ಮಂಜು ಸರಿದು ಬಿಸಿಲು ಬಿದ್ದ ಕೂಡಲೇ ಕಹಳೆ ಊದಿದರು. ಈ ಗುಡ್ಡದಲ್ಲಿ ಊದಿದ್ದು ಆ ಗುಡ್ಡಕ್ಕೆ ಬಡಿದು ಮತ್ತೆ ನಮ್ಮ ಕಿವಿಗೇ ಬರುತ್ತಿತ್ತು. ಎರಡೂ ಕಡೆಯ ಹೊಲಗಳ ಬದುಗಳ ಮೇಲೆ ಜನವೋ ಜನ. ಮೇಲಿನಿಂದ ಹೂವು ಎರಚುವವರು ದೇವಿಗೆ ಎರಚಿದ್ದಕ್ಕಿಂತ ನನ್ನ ಬಾಯಿಗೆ ಎರಚಿದ್ದೇ ಜಾಸ್ತಿ. ಚಿಕ್ಕಮ್ಮ ಜನರ ನಡುವಿನಿಂದ, "ಬೆನ್ನು ನೆಟ್ಟಗೆ ಇಟ್ಕೊಳ್ಳೇ!" ಅಂತ ಹೊಳೆಯವರೆಗೂ ಕೇಳುವಂತೆ ಕೂಗಿದಳು.

ಮೆಟ್ಟಿಲಿಗೆ ಬಂದೆವು. ಅದನ್ನು ಕಟ್ಟಿದ್ದು ಅಪ್ಪ. ಅವರು ಮಾಡಿದ ಕಲ್ಲುಕೆಲಸದಲ್ಲೆಲ್ಲ ಅವರಿಗೆ ಅದರದ್ದೇ ಹೆಮ್ಮೆ. ತಿರುವಿನಲ್ಲಿ, ನೀನು ಮುಗ್ಗರಿಸಿದ ಕಲ್ಲಿನ ಮೇಲೇ ನಾನೂ ಕಾಲಿಟ್ಟೆ. ಕಲ್ಲು ವಾಲಿತು. ಮಂಡಿಯೂರಿದೆ, ಆದರೆ ಪಲ್ಲಕ್ಕಿ ಬಿಡಲಿಲ್ಲ. ಹಿಂದಿದ್ದ ಗಿರಣಿಯವರ ಮಗನೇ ನನ್ನ ಭಾರವನ್ನೂ ಎತ್ತಿ ಹಿಡಿದು, "ಏಳು ಗುಬ್ಬಿ, ನಾನಿದ್ದೀನಿ" ಅಂದ. (ನಗಬೇಡ.) ನಾನು ಗಂಟಲು ಹರಿಯುವಂತೆ ಕೂಗಿದೆ: "ಕಲ್ಲು ಅಲ್ಲಾಡ್ತಿದೆ!"

ಡೋಲು ನಿಂತಿತು. ಅಪ್ಪ ಜನರನ್ನು ಸರಿಸಿಕೊಂಡು ಬಂದು ಆ ಕಲ್ಲಿನ ಅಂಚನ್ನು ಕಾಲಿನಿಂದ ಒತ್ತಿದರು. ಕಟಕ್ ಅಂದಿತು. ಮತ್ತೆ ಒತ್ತಿದರು, ಮತ್ತೆ ಕಟಕ್. ಅವರು ಅಲ್ಲೇ ಪಕ್ಕದಲ್ಲಿ ಕುಸಿದು ಕೂತರು. ನಾವು ಅವರನ್ನು ಬಳಸಿಕೊಂಡು ಇಳಿದೆವು. ದೇವಿಗೆ ಹೊಳೆಯಲ್ಲಿ ಸ್ನಾನವಾಯಿತು, ನಮ್ಮ ಮನೆಯ ಜಾಗವೂ ಉಳಿಯಿತು! ಖುಷಿಗೆ ನಿನ್ನೆಯಿಂದ ನನಗೆ ನೆಲದ ಮೇಲೆ ಕಾಲು ನಿಲ್ಲುತ್ತಿಲ್ಲ.

ಹೊತ್ತುಹೊತ್ತಿಗೆ ಊಟ ಮಾಡಬೇಕಂತೆ, ತಣ್ಣೀರಲ್ಲಿ ತಲೆ ತೊಳೆಯಬಾರದಂತೆ. ಇದು ಅಮ್ಮನ ಆಶೀರ್ವಾದ. ದೇವಿ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ
ಗುಬ್ಬಿ

ವಿ.ಸೂ.: ಅವತ್ತು ನೀನು ಬಿದ್ದಾಗ ಅಪ್ಪ ಎಲ್ಲರೆದುರು ನಿನ್ನ ಬಾಯಿ ಮೂಸಿ ನೋಡಿದರಲ್ಲ, ಆ ಮಾತನ್ನು ಈ ಮನೆಯಲ್ಲಿ ಇದುವರೆಗೆ ಯಾರೂ ಎತ್ತಿರಲಿಲ್ಲ. ನಿನ್ನೆ ಸಂಜೆ ಅಪ್ಪ ಆ ಕಲ್ಲನ್ನು ಕಿತ್ತು, ಕುಂಟುತ್ತಲೇ ಹೊತ್ತು ತಂದು ಬಾಗಿಲ ಮುಂದೆ ಇಟ್ಟಿದ್ದಾರೆ. ಈಗಲೂ ಅದರ ಪಕ್ಕದಲ್ಲೇ ಕೂತು, ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ಹೇಳುತ್ತಿದ್ದಾರೆ: "ನೋಡಿ, ಇದು ನಾನು ಕೂರಿಸಿದ ಕಲ್ಲು. ನನ್ನ ಮಗ ಕುಡಿದಿರಲಿಲ್ಲ."