ಎರಡನೇ ಏಟು

ಹೊಳೆನರಸೀಪುರ
24 ಡಿಸೆಂಬರ್ 2025, ಬುಧವಾರ ಸಂಜೆ

ನನ್ನ ಕಂದ ನೇತ್ರಾಗೆ,

ಈ ಕಾಗದವನ್ನು ಪೊಲೀಸ್ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಗಾಬರಿಯಾಗಬೇಡ, ನನ್ನ ಮೈಮೇಲೆ ಒಂದು ಗೀರೂ ಇಲ್ಲ. ನಿನ್ನ ಗಂಡ ಮಂಜೇಶನ ಬಲಗೈಯನ್ನು ನಾನೇ ಜಜ್ಜಿ ಹಾಕಿದ್ದೇನೆ. ಸಾಹೇಬರು ಹಬ್ಬದ ಬಂದೋಬಸ್ತಿಗೆಂದು ಚರ್ಚಿನ ಹತ್ತಿರ ಹೋಗಿದ್ದಾರೆ. ಅವರು ಬರುವ ತನಕ ಕೂತಿರಮ್ಮ ಎಂದು ಇಲ್ಲಿನ ಹೆಂಗಸು ಪೊಲೀಸು ಟೀ ಕೊಟ್ಟಳು, ಕೇಳಿದ್ದಕ್ಕೆ ಎರಡು ಹಾಳೆಯನ್ನೂ ಕೊಟ್ಟಳು.

ಎಡಗೈಯಲ್ಲಿ ಗೀಚಿದ ನಿನ್ನ ಕಾಗದ ಸೋಮವಾರ ಸಿಕ್ಕಿತು. ಗಂಡನ ಮನೆ ಬಿಟ್ಟು ಹಾಸನದ ಸಿಸ್ಟರುಗಳ ಹಾಸ್ಟೆಲಿಗೆ ಕೆಲಸಕ್ಕೆ ಸೇರಿದ ಹೊಸದರಲ್ಲಿ ಎಷ್ಟು ಚೆಂದ ಬರೆದಿದ್ದೆ! ಕೇಕಿಗೆ ದ್ರಾಕ್ಷಿ ಹೆಚ್ಚುವುದು, ಯೇಸು ಹುಟ್ಟಿದ ಕೊಟ್ಟಿಗೆಯ ಗೋದಲಿ ಕಟ್ಟುವುದು, ಹಾಡಿನ ಅಭ್ಯಾಸ, ಉಸಿರಾಡಲೂ ಪುರುಸೊತ್ತಿಲ್ಲ. ಆದರೂ ದಿನಾ ಸಂಜೆ ಆರಕ್ಕೆ ದೊಡ್ಡ ಸಿಸ್ಟರು ಎಲ್ಲರ ಕೈಯಿಂದ ಕೆಲಸ ಬಿಡಿಸಿ ಅರ್ಧ ಗಂಟೆ ಪ್ರಾರ್ಥನೆ ಕೋಣೆಯಲ್ಲಿ ಸುಮ್ಮನೆ ಕೂರಿಸುತ್ತಾರೆ ಎಂದು. ಮದುವೆಯಾದ ಆರು ವರ್ಷದಲ್ಲಿ ಮೊದಲ ಸಲ ಬಾಗಿಲ ಕಡೆ ನೋಡದೆ ಕೂತೆ ಅವ್ವ ಅಂದಿದ್ದೆ. ನಮ್ಮ ದೇವರಲ್ಲವಲ್ಲ, ಕೂರಬಹುದಾ ಎಂದೂ ಕೇಳಿದ್ದೆ. ಕೂತ್ಕೊ, ನೆಮ್ಮದಿಗೆ ಯಾವ ಕುಲ ಎಂದು ನಾನು ಬರೆದಿದ್ದೆ.

ಅದೇ ಕೋಣೆಗೆ ಹದಿನಾಲ್ಕನೇ ತಾರೀಕು ಆ ರಾಕ್ಷಸ ನುಗ್ಗಿದ್ದು. ಜಡೆ ಹಿಡಿದು ಬೆಂಚಿನಿಂದ ಎಳೆದು, ಗೋದಲಿ ಮೇಲೆ ಕೆಡವಿ, ನಿನ್ನ ಬಲಗೈ ಮುರಿಯುವ ತನಕ ತುಳಿದನಂತೆ. ಫೋನನ್ನೂ ಒಡೆದು ಹಾಕಿದನಂತೆ. ಈಗ ಕಣ್ಣು ಮುಚ್ಚಿದರೆ ಅವನ ಬೂಟೇ ಕಾಣುತ್ತದೆ, ರೂಮಿನ ಜೊತೆಗಾತಿ ತೇಜಶ್ರೀಯೂ ಅವನ ಊರು ಅರಕಲಗೂಡಿನವಳೇ, ವಿಳಾಸ ಹೇಳಿದವಳು ಅವಳೇ, ಇಂಥವರ ಜೊತೆ ಇರುವುದಕ್ಕಿಂತ ಹಬ್ಬ ಮುಗಿದ ಕೂಡಲೇ ಅವನ ಮನೆಗೇ ವಾಪಸು ಹೋಗುತ್ತೇನೆ ಎಂದು ಬರೆದಿದ್ದೀಯ. ಯಾರು ಹೇಳಿದರೋ, ಹೇಳಿದವರ ನಾಲಿಗೆ ಸೇದಿಹೋಗಲಿ. ಹೋಗುವ ಮಾತು ಮಾತ್ರ ಆಡಬೇಡ.

ಇವತ್ತಿನದು ಕೇಳು. ನಿಮ್ಮಪ್ಪ ಹೋದ ಮೇಲೆ ಹದಿನೆಂಟು ವರ್ಷ ಮಾಂಸದ ಅಂಗಡಿ ನಡೆಸಿದ್ದೇನೆ, ಇಂಥಾ ರಷ್ ಕಂಡಿರಲಿಲ್ಲ. ಬೆಳಗಿನಿಂದ ನಿಂತ ಕಾಲಲ್ಲೇ ಕುರಿ, ಕೋಳಿ ಕೊಚ್ಚಿದ್ದು. ಮೂರು ಗಂಟೆಗೆಲ್ಲ ಖಾಲಿ. ಕೊಚ್ಚುವ ಕೊರಡನ್ನು ತೊಳೆದು ಉಪ್ಪು, ಅರಿಶಿನ ಹಚ್ಚಿದೆ. ಹಚ್ಚಿದ ಮೇಲೆ ಮಾರನೇ ದಿನದ ತನಕ ಮಚ್ಚು ಎತ್ತಬಾರದು, ನಿಮ್ಮಪ್ಪನ ನೇಮ ಅದು. ಕೊರಡ್ಗೂ ಒಸಿ ಸುಧಾರಿಸ್ಕೊಳಾಕೆ ಬಿಡ್ಬೇಕು ಕಣಮ್ಮಿ ಅನ್ನುತ್ತಿದ್ದರು.

ಆಗ ಬಂದ ಮಂಜೇಶ. ಕುಡಿದಿರಲಿಲ್ಲ. ಅರಿಶಿನ ಇನ್ನೂ ಹಸಿಯಿದ್ದ ಕೊರಡಿನ ಮೇಲೆ ಅಂಗೈ ಊರಿ ನಿಂತ. ನಾಳೆ ಕ್ರಿಸ್‌ಮಸ್ ಅಲ್ವಾ ಅತ್ತೆ, ಜನ ಓಗಿ ಬಂದು ಮಾಡ್ತಿರ್ತಾರೆ, ಆಸ್ಟೆಲ್ ಗೇಟು ತೆಗ್ದೇ ಇರ್ತದೆ. ಅವ್ಳ ಇನ್ನೊಂದ್ ಕೈನೂ ಮುರ್ದು ಎತ್ತಾಕ್ಕೊಂಡ್ ಬತ್ತೀನಿ ನೋಡ್ತಿರಿ ಅಂದ. ನಕ್ಕ ಬೇರೆ.

ಮಚ್ಚು ಎತ್ತಿದೆ. ಹರಿತದ ಬಾಯಿಯ ಕಡೆಯಿಂದ ಹೊಡೆದಿದ್ದರೆ ಮಣಿಕಟ್ಟಿಗೇ ತುಂಡಾಗುತ್ತಿತ್ತು. ಅಷ್ಟು ಬುದ್ಧಿ ಉಳಿದಿತ್ತು, ಹಿಂಬದಿ ತಿರುಗಿಸಿದೆ. ಮೂಳೆ ಮುರಿಯುವ ಸದ್ದು ನನಗೆ ಹೊಸದಲ್ಲ. ಯವ್ವಾ ಎಂದು ಕಿರುಚಿ ಕೈ ಎಳೆದುಕೊಳ್ಳುವಷ್ಟರಲ್ಲಿ ಇನ್ನೊಂದು ಹಾಕಿದೆ. ಅರಿಶಿನವೆಲ್ಲ ರಕ್ತ. ಪಕ್ಕದ ಪಂಚರ್ ಅಂಗಡಿ ಬಸವೇಶಣ್ಣ ಓಡಿಬಂದು ಮಚ್ಚು ಕಿತ್ತುಕೊಂಡ. ಮಂಜೇಶ ಆಸ್ಪತ್ರೆಯಲ್ಲಿದ್ದಾನೆ. ಆರು ತಿಂಗಳು ಆ ಕೈಯಲ್ಲಿ ಯಾರ ಜಡೆಯನ್ನೂ ಹಿಡಿಯಲಾರ. ಸುಳ್ಳು ಯಾಕೆ ಹೇಳಲಿ, ನನಗೆ ಸಂತೋಷವೇ ಆಯಿತು.

ಮೊದ್ಲೇಟು ಮಗಳಿಗೋಸ್ಕರ ಅನ್ನು, ಎರಡ್ನೇದು ಯಾಕವ್ವಾ ಎಂದು ಈ ಹೆಂಗಸು ಪೊಲೀಸು ಕೇಳಿದಳು. ಗೊತ್ತಿಲ್ಲ ತಾಯಿ ಅಂದೆ.

ಚರ್ಚಿನ ಮೈಕಿನಿಂದ ಹಾಡು ಕೇಳುತ್ತಿದೆ. ಗಂಟೆ ಆರಾಯಿತು, ನೀವೆಲ್ಲ ಕೂರುವ ಹೊತ್ತು. ನಾನೂ ಪೆನ್ನು ಕೆಳಗಿಟ್ಟು ಕೈಕಟ್ಟಿ ಕೂತು ನೋಡಿದೆ. ಹದಿನೆಂಟು ವರ್ಷದಲ್ಲಿ ಈ ಕೈಗೆ ಕೆಲಸವಿಲ್ಲದ ಹಬ್ಬದ ಸಂಜೆ ಇದೇ ಮೊದಲು. ನೆಮ್ಮದಿ ಬರಲಿಲ್ಲ. ನೀನು ಅಲ್ಲಿಂದ ಕದಲಬೇಡ ಕಂದ. ಅದೇ ಬೆಂಚಿನ ಮೇಲೆ ಹೋಗಿ ಕೂತ್ಕೊ.

ಇಂತಿ ನಿನ್ನ ಪಾಪಿ ಅವ್ವ,
ಅಣ್ಣಮ್ಮ

ಮತ್ತೆ ಬರೆದದ್ದು: ಮಡಿಸಿದ್ದ ಕಾಗದವನ್ನು ಮತ್ತೆ ಬಿಚ್ಚಿದೆ. ತೇಜಶ್ರೀ ಏನೂ ಹೇಳಿಲ್ಲ. ಹನ್ನೆರಡನೇ ತಾರೀಕು ಮಂಜೇಶ ಅಂಗಡಿಗೆ ಬಂದು ನನ್ನ ಕಾಲು ಹಿಡಿದು ಅತ್ತ. ಅಳಿಯ ಕಾಲಿಗೆ ಬಿದ್ದನಲ್ಲ ಎಂದು ಕರಗಿದೆ. ನೀನು ಗಂಡನ ಮನೆ ಸೇರಿದರೆ ಊರವರ ಬಾಯಿ ಮುಚ್ಚುತ್ತದೆ ಎಂಬ ಆಸೆಯೂ ಇತ್ತು. ಕುರ್ಚಿ ಹಾಕಿ ಕೂರಿಸಿ, ಕಾಫಿ ತರಿಸಿ, ವಿಳಾಸ ಹೇಳಿದವಳು ನಾನೇ. ಆರು ಗಂಟೆಗೆ ಪ್ರಾರ್ಥನೆ ಕೋಣೆಯಲ್ಲಿ ಸುಮ್ಮನೆ ಕೂತಿರುತ್ತಾಳೆ, ಆಗ ಹೋಗಪ್ಪ ಎಂದೂ ಹೇಳಿದೆ. ಎರಡನೇ ಏಟು ನನಗೆ ಬೀಳಬೇಕಾಗಿದ್ದದ್ದು. ಬಸವೇಶಣ್ಣ ಇವತ್ತೇ ರಾತ್ರಿ ತಂದುಕೊಡುವ ಈ ಕಾಗದವನ್ನು ತೇಜಶ್ರೀ ಕೈಲೇ ಓದಿಸು, ತನ್ನ ಮೇಲಿನ ಅಪವಾದ ಸುಳ್ಳೆಂದು ಅವಳಿಗೂ ತಿಳಿಯಲಿ. ನಾಳೆ ಬಂದವರಿಗೆಲ್ಲ ಗೇಟು ತೆಗೆದಿರಲಿ. ಮುಂದೆ ಎಂದಾದರೂ ನಾನು ಬಂದು ನಿಂತರೆ, ನಿನ್ನ ಸಿಟ್ಟು ಇಳಿಯುವ ತನಕ ತೆಗೆಸಬೇಡ.