ಅಮೃತಬಳ್ಳಿ ಕಷಾಯ

೧೪ ನವೆಂಬರ್, ಸಿಂಧನೂರು

ಪಾಮನಕಲ್ಲೂರಿನಿಂದ ಬಂದ ಆದಮ್ಮಕ್ಕ ನನ್ನ ಮಗಳು ನಂದಿನಿಗೆ ದಿನಾ ಅಮೃತಬಳ್ಳಿ ಕಷಾಯ ಕುಡಿಸಿದ್ದಾಳೆ. ನನಗೆ ಗೊತ್ತಾದದ್ದು ಇವತ್ತು.

"ಕೂಸಿಗೆ ಶಕ್ತಿ ಬರ್ಲಿ ಅಂತ ಕೊಟ್ಟೀನಿ. ವಿಷ ಕೊಟ್ಟೀನೇನು?" ಎಂದಳು.

"ಅಕ್ಕಾ, ಆ ಶಕ್ತಿ ಕುಗ್ಗಲಿ ಅಂತನ ಆಕಿ ಗುಳಿಗಿ ನುಂಗಾಕತ್ಯಾಳ."

"ಲೇ ತಮ್ಮಾ, ಕಾಲೇಜಿಗೆ ಹೋಗಿ ಪೂರಾ ಕೆಟ್ಟಿ ನೋಡು!"

ಕಾಲೇಜಿನಲ್ಲಿ ಓದಿದ ಮಾತು ನೆನಪಾಯಿತು, ಫಾರಿನ್ ಬಾಡಿ, ಮೈಗೆ ಪರಕೀಯವಾದದ್ದು. ರೋಗದ ಮೇಲೆ ಬೀಳುವ ರಕ್ತದ ಕಾವಲು ನಂದಿನಿಗೆ ಹಾಕಿಸಿದ ಕಿಡ್ನಿಯ ಮೇಲೂ ಬೀಳುತ್ತದೆ. ಗುಳಿಗೆ ಆ ಕಾವಲನ್ನು ಮಂಪರಿನಲ್ಲಿಡುತ್ತದೆ. ಕಷಾಯ ಅದನ್ನು ಎಬ್ಬಿಸಿತೋ ಏನೋ. ಬೆಳಿಗ್ಗೆಯೇ ರಕ್ತ ಪರೀಕ್ಷೆ ಮಾಡಿಸಿ ಎಂದು ಡಾಕ್ಟರು ಫೋನಿನಲ್ಲಿ ಹೇಳಿದರು.

ಅದು ತೀರಿಹೋದ ನನ್ನವಳು ಬದುಕಿದ್ದಾಗ ಕೊಟ್ಟ ಕಿಡ್ನಿ. ಹೆತ್ತವಳನ್ನೇ ಮಗಳ ಮೈ ಪರಕೀಯಳು ಎನ್ನುವುದು ಎಂಥ ಸೈನ್ಸೋ. ಈಗ ನಂದಿನಿಯ ಹಣೆ ಮುಟ್ಟಿ ಬಂದೆ. ಬೆಚ್ಚಗಿತ್ತೋ, ಇಲ್ಲ ನನ್ನ ಕೈಯೇ ತಣ್ಣಗಾಗಿತ್ತೋ, ತಿಳಿಯಲಿಲ್ಲ.